ಬಾತಿಗೆ ಗಾಯ, ಮೊಟ್ಟೆಗೆ ಕಾವು

ಕೆರೆ ಏರಿ ಕೆಳಗಿನ ನಮ್ಮ ಬೀದಿಯಲ್ಲಿ 12 ಮನೆ. ಅದರಲ್ಲಿ ನಾಲ್ಕು ಮನೆಯವರು ಬಾತುಕೋಳಿ ಸಾಕುತ್ತೇವೆ. ಗಂಡಸರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಮೊಟ್ಟೆ ಮಾರಿದ ದುಡ್ಡು ನಮ್ಮದೇ. ಸೋಪು, ಬಳೆ, ಮಕ್ಕಳ ನೋಟ್‌ಬುಕ್ಕು ಎಲ್ಲ ಅದರಲ್ಲೇ ಆಗಬೇಕು.

ಒಂದು ರಾತ್ರಿ ಎರಡು ಗಂಟೆ ಇರಬಹುದು. ಮೂಲೆಮನೆ ಅಕ್ಕನ ಹಿತ್ತಲಿಗೆ ನಾಯಿ ನುಗ್ಗಿತು. ಅಲ್ಲಿ ಒಂದು ನಾಟಿ ಬಾತು ಒಂಬತ್ತು ಮೊಟ್ಟೆ ಮೇಲೆ ಕಾವಿಗೆ ಕೂತಿತ್ತು. ಕೂತು 12 ದಿನ ಆಗಿತ್ತು. ಬೇರೆ ಬಾತುಗಳು ಕೂಗುತ್ತಾ ಓಡಿಹೋದವು. ಇದು ಮಾತ್ರ ಮೊಟ್ಟೆ ಬಿಟ್ಟು ಏಳಲಿಲ್ಲ. ನಾವು ಟಾರ್ಚು ಹಿಡಿದು ಓಡಿ ಬರುವ ಹೊತ್ತಿಗೆ ತೊಡೆಯ ಚರ್ಮ ಹರಿದಿತ್ತು. ಎಡ ರೆಕ್ಕೆ ಜೋತು ಬಿದ್ದಿತ್ತು.

ಒಬ್ಬಳು ಬಾತಿನ ಕಾಲು ಹಿಡಿದು ಎತ್ತಲು ಹೋದಳು. ಅಜ್ಜಿ ಕೂಗಿದರು, "ಕಾಲು ಹಿಡೀಬ್ಯಾಡ್ರೇ! ಮುರದೋಯ್ತದೆ!"

ಅಜ್ಜಿ ಹೇಳಿದ್ದು ಸರಿ. ಬಾತಿನ ಕಾಲು ಬಹಳ ನಾಜೂಕು. ಅದನ್ನು ಕೋಳಿಯ ಹಾಗೆ ತಲೆಕೆಳಗೆ ತೂಗುಹಾಕಬಾರದು. ಎರಡೂ ರೆಕ್ಕೆಯನ್ನು ಮೈಗೆ ಒತ್ತಿ ಹಿಡಿದು, ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಬೇಕು. ಮೇಲೆ ಒಂದು ಹಳೆ ಬಟ್ಟೆ ಹಾಕಿದರೆ ಒದ್ದಾಡುವುದಿಲ್ಲ.

ಇಲ್ಲಿ ಒಂದು ಮಾತು. ನಾಯಿ ಓಡಿಸುವಾಗ ಅಕ್ಕನ ಕೈಗೆ ಹಲ್ಲು ತಾಗಿ ಗೀರಾಗಿತ್ತು. "ಅಯ್ಯೋ ಇಷ್ಟೇ ತಾನೇ, ಬಿಡಿ" ಅಂದಳು. ನಾವು ಬಿಡಲಿಲ್ಲ. ಸೋಪು ಹಚ್ಚಿ, ಮೇಲಿಂದ ನೀರು ಸುರಿಯುತ್ತಾ ಕಾಲು ಗಂಟೆ ತೊಳೆಸಿದೆವು. ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಕೊಂಡಳು. ಡಾಕ್ಟರು ಬರೆದುಕೊಟ್ಟ ತಾರೀಕಿಗೆ ಸರಿಯಾಗಿ ಉಳಿದ ಸೂಜಿಗಳನ್ನೂ ಹಾಕಿಸಿಕೊಂಡಳು. ಬಾತಿನ ಗಾಯಕ್ಕಿಂತ ಇದು ಮೊದಲು.

ಇನ್ನು ಬಾತಿನ ವಿಚಾರ. ಒಬ್ಬರು ಸೀಮೆಎಣ್ಣೆ ಹಾಕಿ ಅಂದರು. ಇನ್ನೊಬ್ಬರು ಬೂದಿ ಮೆತ್ತಿ ಅಂದರು. ಎರಡೂ ತಪ್ಪು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಬೂದಿಯಿಂದ ಗಾಯಕ್ಕೆ ಕೊಳೆ ಸೇರುತ್ತದೆ. ನಾವು ನೀರು ಕುದಿಸಿ ಆರಿಸಿದೆವು. ಒಂದು ಲೀಟರ್ ನೀರಿಗೆ ಒಂದೂವರೆ ಚಿಕ್ಕ ಚಮಚ ಉಪ್ಪು ಹಾಕಿದೆವು. ಆ ನೀರನ್ನು ಗಾಯದ ಮೇಲೆ ಹುಯ್ದು ಮಣ್ಣು, ಪುಕ್ಕ ಎಲ್ಲ ತೊಳೆದೆವು. ರಕ್ತ ಇನ್ನೂ ಜಿನುಗುತ್ತಿತ್ತು. ಶುದ್ಧ ಬಟ್ಟೆ ಒತ್ತಿ ಹಿಡಿದ ಮೇಲೆ ನಿಂತಿತು.

ಆಮೇಲೆ ಬಾತನ್ನು ರಟ್ಟಿನ ಡಬ್ಬದಲ್ಲಿ ಹುಲ್ಲು ಹಾಸಿ ಕತ್ತಲೆ ಮೂಲೆಯಲ್ಲಿ ಇಟ್ಟೆವು. ಹೆದರಿದ ಹಕ್ಕಿಗೆ ಕತ್ತಲೆ, ಬಿಸುಪು, ಸದ್ದಿಲ್ಲದ ಜಾಗ ಬೇಕು. ಮಕ್ಕಳು ಬಂದು ಬಂದು ಇಣುಕಬಾರದು. ಬಾಯಿ ಬಿಡಿಸಿ ನೀರು ಹುಯ್ಯಬಾರದು. ಶ್ವಾಸಕ್ಕೆ ನೀರು ಹೋದರೆ ಅದರಿಂದಲೇ ಸಾಯುತ್ತದೆ. ಬಟ್ಟಲಲ್ಲಿ ನೀರಿಟ್ಟರೆ ಸುಧಾರಿಸಿಕೊಂಡ ಮೇಲೆ ತಾನೇ ಕುಡಿಯುತ್ತದೆ.

ಇಷ್ಟೆಲ್ಲ ಆಗುವಾಗ ಮೊಟ್ಟೆಗಳನ್ನು ಮರೆತೇಬಿಟ್ಟಿದ್ದೆವು. ನೆನಪಾದಾಗ ನಾಲ್ಕೂವರೆ. ಮುಟ್ಟಿದರೆ ತಣ್ಣಗಿದ್ದವು. ಒಂದು ಒಡೆದು ಸೋರುತ್ತಿತ್ತು. ಅಕ್ಕ ಅಳುತ್ತಾ ಎಲ್ಲವನ್ನೂ ಮಂಕರಿಗೆ ಹಾಕಿಕೊಂಡು ತಿಪ್ಪೆಗೆ ಹೊರಟಳು.

"ಒಳಗೆ ಜೀವ ಐತೋ ಇಲ್ವೋ ನೋಡ್ದೆ ಎಸೀತೀಯಾ?" ಅಂದರು ಅಜ್ಜಿ.

"ತಣ್ಣಗಾಗವೆ ಕಣಜ್ಜಿ."

"ತಾಯಿ ಮೇಯಕ್ಕೆ ಎದ್ದಾಗ್ಲೂ ತಣ್ಣಗಾಯ್ತವೆ. ಟಾರ್ಚು ತಾ."

ಕಾವಿಗೆ ಕೂತ ಹಕ್ಕಿ ದಿನಕ್ಕೆ ಒಂದು ಸಲ ಎದ್ದು ಹೋಗುತ್ತದೆ. ತಿಂದು, ನೀರು ಕುಡಿದು ಬರುತ್ತದೆ. ಅಷ್ಟು ಹೊತ್ತು ಮೊಟ್ಟೆ ಆರುತ್ತದೆ. ಅದರಿಂದ ಮರಿ ಸಾಯುವುದಿಲ್ಲ. ಕೆಲವು ಸಲ ಎರಡು ಮೂರು ಗಂಟೆ ಆರಿದರೂ ಬದುಕಿರುತ್ತದೆ. ಮುಟ್ಟಿ ನೋಡಿ ತೀರ್ಮಾನ ಮಾಡಲಾಗದು. ಬೆಳಕಿಗೆ ಹಿಡಿದು ನೋಡಬೇಕು.

ನೋಡುವುದು ಕಷ್ಟವಲ್ಲ. ಟಾರ್ಚಿನ ಬಾಯಿಗೆ ದಪ್ಪ ಕಾಗದ ಸುರುಳಿ ಸುತ್ತಿ. ಬೆಳಕು ಸಣ್ಣ ತೂತಿನಿಂದ ಮಾತ್ರ ಬರಲಿ. ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಯನ್ನು ಆ ತೂತಿಗೆ ಇಡಿ. ಒಳಗೆ ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿದ್ದರೆ, ನಡುವೆ ಕಪ್ಪು ಚುಕ್ಕೆ ಅಲುಗಾಡಿದರೆ, ಮರಿ ಬದುಕಿದೆ. ಏನೂ ಇಲ್ಲದೆ ಹಳದಿ ಬೆಳಕು ಮಾತ್ರ ಕಂಡರೆ ಅದು ಗೊಡ್ಡು ಮೊಟ್ಟೆ. ನರಗಳಿಲ್ಲದೆ ರಕ್ತದ ಬಳೆಯಂತೆ ಒಂದು ಗೆರೆ ಮಾತ್ರ ಕಂಡರೆ ಮರಿ ಮೊದಲೇ ಸತ್ತಿದೆ ಎಂದು ಅರ್ಥ.

ಒಡೆದದ್ದನ್ನು ಬಿಟ್ಟು ಎಂಟನ್ನು ನೋಡಿದೆವು. ಒಂದು ಗೊಡ್ಡು. ಏಳರಲ್ಲಿ ಕೆಂಪು ನರ! ಒಂದರಲ್ಲಿ ಮರಿ ಮಿಸುಕಿದ್ದನ್ನು ಕಂಡು ಅಕ್ಕ ಟಾರ್ಚು ಕೆಳಗಿಟ್ಟು ನಮ್ಮ ಹೆಗಲ ಮೇಲೆ ತಲೆಯಿಟ್ಟಳು.

ಆದರೆ ಕಾವು ಕೊಡುವವರು ಯಾರು? ಗಾಯ ಸಣ್ಣದಾಗಿದ್ದು ಬಾತು ಎದ್ದು ನಿಲ್ಲುವ ಹಾಗಿದ್ದರೆ ಅದನ್ನೇ ಕೂರಿಸಬಹುದಿತ್ತು. ಹತ್ತಿರದಲ್ಲೇ ನೀರು, ಮೇವು ಇಟ್ಟರೆ ಸಾಕಿತ್ತು. ಇದು ನಿಲ್ಲುವ ಹಾಗಿರಲಿಲ್ಲ. ಬೀದಿಯಲ್ಲಿದ್ದ ಉಳಿದ ಬಾತುಗಳು ಖಾಕಿ ಕ್ಯಾಂಪ್‌ಬೆಲ್ ಜಾತಿಯವು. ಸುಮಾರು 1900ರ ಹೊತ್ತಿಗೆ ಇಂಗ್ಲೆಂಡಿನ ಅಡೆಲ್ ಕ್ಯಾಂಪ್‌ಬೆಲ್ ಎಂಬ ಹೆಂಗಸು ತನ್ನ ಮನೆಯಲ್ಲೇ ಬೆಳೆಸಿದ ಜಾತಿ ಅದು. ಮೊಟ್ಟೆ ಇಡುವುದರಲ್ಲಿ ಎತ್ತಿದ ಕೈ. ಕಾವಿಗೆ ಕೂರುವುದು ಮಾತ್ರ ಅಪರೂಪ.

ಆಗ ಪಕ್ಕದ ಮನೆ ದೊಡ್ಡಮ್ಮನ ಕೋಳಿ ನೆನಪಾಯಿತು. ಮೊಟ್ಟೆಯೇ ಇಲ್ಲದ ಬರೀ ಗೂಡಿನಲ್ಲಿ ಅದು ನಾಲ್ಕು ದಿನದಿಂದ ಕೂತಿತ್ತು. ಕಾವು ಬಿಡಿಸಲು ನೀರಿಗೆ ಅದ್ದುತ್ತೇನೆ ಎಂದು ದೊಡ್ಡಮ್ಮ ಹೇಳುತ್ತಿದ್ದರು. ಬೆಳಕು ಹರಿಯುವ ಮುಂಚೆಯೇ ಏಳು ಮೊಟ್ಟೆಗಳನ್ನು ಅದರ ಹೊಟ್ಟೆಯ ಕೆಳಗೆ ಸರಿಸಿದೆವು. ಕತ್ತಲಲ್ಲಿ ಇಟ್ಟರೆ ಕೋಳಿ ತಕರಾರು ಮಾಡುವುದಿಲ್ಲ. ಮೊಟ್ಟೆಗೆ ಹತ್ತಿದ್ದ ರಕ್ತವನ್ನು ಒಣ ಬಟ್ಟೆಯಲ್ಲಿ ಒರೆಸಿದ್ದೆವು. ನೀರಲ್ಲಿ ತೊಳೆಯಬಾರದು. ತೊಳೆದರೆ ಚಿಪ್ಪಿನ ಮೇಲಿನ ಪೊರೆ ಹೋಗಿ ಒಳಗೆ ರೋಗ ಸೇರುತ್ತದೆ.

ಕೋಳಿಮೊಟ್ಟೆ ಒಡೆಯಲು 21 ದಿನ. ಬಾತಿನ ಮೊಟ್ಟೆಗೆ 28 ದಿನ. ಬಾತಿನ ಮೊಟ್ಟೆ ದೊಡ್ಡದು, ಭಾರ. ಕೋಳಿ ಅದನ್ನು ಸರಿಯಾಗಿ ಹೊರಳಿಸಲಾರದು. ಹೊರಳಿಸದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ದಿನಕ್ಕೆ ಮೂರು ಸಲ ನಾವೇ ಹೊರಳಿಸಿದೆವು. ಯಾವುದು ಹೊರಳಿದೆ, ಯಾವುದು ಇಲ್ಲ ಎಂದು ತಿಳಿಯಬೇಕಲ್ಲ? ಅಕ್ಕ ಪೆನ್ಸಿಲು ತಂದು ಒಂದೊಂದು ಮೊಟ್ಟೆಗೂ ಒಂದು ಮಗ್ಗುಲಿಗೆ 'ಅ', ಇನ್ನೊಂದು ಮಗ್ಗುಲಿಗೆ 'ಆ' ಬರೆದಳು. ಅವಳು ಅಕ್ಷರ ಕಲಿತು ಆಗ ಮೂರು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ 'ಅ' ಮೇಲೆ, ಮಧ್ಯಾಹ್ನ 'ಆ' ಮೇಲೆ, ಸಂಜೆ ಮತ್ತೆ 'ಅ'. ತಾಯಿ ಬಾತು ಒದ್ದೆ ಮೈಯಲ್ಲಿ ಬಂದು ಕೂರುತ್ತದೆ. ಕೋಳಿಯ ಮೈ ಒಣಗಿರುತ್ತದೆ. ಅದಕ್ಕೇ ಕಡೆಯ ಹತ್ತು ದಿನ ಮೊಟ್ಟೆ ಮೇಲೆ ಉಗುರು ಬೆಚ್ಚಗಿನ ನೀರು ಚಿಮುಕಿಸಿದೆವು. 25ನೇ ದಿನ ಹೊರಳಿಸುವುದನ್ನು ನಿಲ್ಲಿಸಿದೆವು.

ಗಾಯದ ಬಾತನ್ನು ಬೆಳಿಗ್ಗೆಯೇ ದನದ ಆಸ್ಪತ್ರೆಗೆ ಒಯ್ದಿದ್ದೆವು. ಡಾಕ್ಟರು ತೊಡೆಗೆ ಹೊಲಿಗೆ ಹಾಕಿದರು. ರೆಕ್ಕೆಯನ್ನು ಮಡಿಸಿ ಮೈಗೆ ಸೇರಿಸಿ ಬಟ್ಟೆ ಕಟ್ಟಿದರು. "ಬಿಗಿಯಾಗಿ ಕಟ್ಟಬಾರದು. ಹಕ್ಕಿಗೆ ಎದೆಗೂಡು ಏಳದಿದ್ದರೆ ಉಸಿರೇ ಆಡಲ್ಲ" ಎಂದರು. ಅವರು ಸೂಜಿಮದ್ದು ಕೊಟ್ಟರೆ ಎಷ್ಟು ದಿನ ಅದರ ಮೊಟ್ಟೆ ತಿನ್ನಬಾರದು ಎಂದು ಕೇಳಿಕೊಂಡು ಬನ್ನಿ. ನೊಣ ಕೂತರೆ ಗಾಯದಲ್ಲಿ ಹುಳ ಬೀಳುತ್ತದೆ. ನಾವು ಗಾಯದ ಸುತ್ತ ಬೇವಿನೆಣ್ಣೆ ಸವರಿದೆವು. ಗಾಯ ಮಾಯುವವರೆಗೆ ಕೆರೆಗೆ ಬಿಡಲಿಲ್ಲ. ನೆನೆಸಿದ ನುಚ್ಚು, ತೌಡು, ಸೊಪ್ಪು ಕೊಟ್ಟೆವು. ಯಾರೋ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ತಂದರು. ವಾಪಸು ಕಳಿಸಿದೆವು. ಬಾತಿಗೆ ಅದು ವಿಷ.

ಇದು ಗಾಯವಾದ ಬಾತಿನ ಮಾತು. ಗಾಯವೇ ಇಲ್ಲದೆ ಒಂದರ ಹಿಂದೆ ಒಂದು ಸಾಯುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಕೂಡಲೇ ದನದ ಡಾಕ್ಟರಿಗೆ ತಿಳಿಸಿ. 2012ರಲ್ಲಿ ಹೆಸರಘಟ್ಟಕ್ಕೇ ಹಕ್ಕಿಜ್ವರ ಬಂದಿತ್ತು.

27ನೇ ದಿನ ಚಿಪ್ಪು ಬಿರುಕು ಬಿಟ್ಟಿತು. ನಾವು ಸುತ್ತ ಕೂತೆವು. ಒಂದು ಮರಿ ರಾತ್ರಿಯೆಲ್ಲ ಕೊಕ್ಕು ಮಾತ್ರ ಆಚೆ ಹಾಕಿ ಕೂತಿತ್ತು. ನಮಗೆ ತಾಳ್ಮೆ ಕೆಟ್ಟಿತು. ಪಾಪ, ಸುಸ್ತಾಗಿದೆ ಎಂದು ಚಿಪ್ಪು ಬಿಡಿಸಿದೆವು. ರಕ್ತ ಬಂತು. ಮರಿ ಸತ್ತಿತು. ಬಿರುಕು ಬಿಟ್ಟ ಮೇಲೂ ಬಾತುಮರಿ ಹೊರಗೆ ಬರಲು ಒಂದು ದಿನ, ಕೆಲವು ಸಲ ಎರಡು ದಿನ ಬೇಕು. ಅಷ್ಟರಲ್ಲಿ ಚಿಪ್ಪಿನ ನರದ ರಕ್ತವನ್ನೆಲ್ಲ ಮೈಯೊಳಗೆ ಎಳೆದುಕೊಳ್ಳುತ್ತದೆ. ಇದು ನಮಗೆ ಆಮೇಲೆ ತಿಳಿಯಿತು. ಆ ತಪ್ಪು ನಮ್ಮದೇ.

ಇನ್ನೊಂದು ಮೊಟ್ಟೆ ಒಡೆಯಲೇ ಇಲ್ಲ. ಐದು ಮರಿ ಬಂದವು.

ಕೋಳಿ ಸಾಕಿದ ಬಾತುಮರಿಯನ್ನು ಬೇಗ ನೀರಿಗೆ ಬಿಡಬಾರದು. ತಾಯಿ ಬಾತಿನ ಮೈಯ ಎಣ್ಣೆ ಅದರ ತುಪ್ಪುಳಿಗೆ ಹತ್ತಿರುವುದಿಲ್ಲ. ನೆಂದು ಚಳಿಯಿಂದ ಸಾಯುತ್ತದೆ. ಮೂರು ವಾರ ತಡೆದೆವು. ಆಮೇಲೆ ಒಂದು ಬಿಸಿಲಿನ ಬೆಳಿಗ್ಗೆ ಐದನ್ನೂ ಏರಿ ಮೇಲೆ ಬಿಟ್ಟೆವು. ಕುಂಟುವ ಬಾತನ್ನೂ ಅದೇ ದಿನ ಬಿಟ್ಟೆವು. ಮರಿಗಳು ಸೀದಾ ನೀರಿಗೆ ಇಳಿದವು. ದೊಡ್ಡಮ್ಮನ ಕೋಳಿ ದಡದಲ್ಲಿ ಆ ಕಡೆ ಈ ಕಡೆ ಓಡಾಡುತ್ತಾ ಒಂದೇ ಸಮ ಕೂಗಿತು. ಬಾತು ಒಂದು ಕಾಲಲ್ಲಿ ನೀರು ತಳ್ಳುತ್ತಾ ಮರಿಗಳ ಹಿಂದೆ ಹೋಯಿತು.