ಪಿಎಂ-ವಾಣಿ: ಅಂಗಡಿಯಲ್ಲಿ ಚಿಲ್ಲರೆ ವೈ-ಫೈ

ಕಿರಾಣಿ ಅಂಗಡಿ, ಚಹಾದಂಗಡಿಯವರು ಬ್ರಾಡ್‌ಬ್ಯಾಂಡ್ ಸಂಪರ್ಕ ಪಡೆದು, ಅದನ್ನೇ ಗಿರಾಕಿಗಳಿಗೆ ವೈ-ಫೈ ಮೂಲಕ ಚಿಲ್ಲರೆಯಾಗಿ ಮಾರಲು ಅವಕಾಶ ಕೊಡುವ ವ್ಯವಸ್ಥೆ ಇದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಶಿಫಾರಸು ಮಾಡಿದ್ದು 2017ರಲ್ಲಿ. ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2020ರ ಡಿಸೆಂಬರ್ 9ರಂದು. ಜಾರಿಯ ಹೊಣೆ ದೂರಸಂಪರ್ಕ ಇಲಾಖೆಯದು.

ಪರೀಕ್ಷೆಯಲ್ಲಿ ಪ್ರಶ್ನೆ ಬರುವುದು ಹೆಚ್ಚಾಗಿ ಈ ವ್ಯವಸ್ಥೆಯ ರಚನೆಯ ಮೇಲೆ. ವೈ-ಫೈ ಕೊಡುವ ಅಂಗಡಿಯೇ ಪಬ್ಲಿಕ್ ಡೇಟಾ ಆಫೀಸ್, ಅಂದರೆ ಪಿಡಿಒ (ಪಂಚಾಯಿತಿಯ ಪಿಡಿಒ ಅಲ್ಲ!). ಹಳೆಯ ಎಸ್‌ಟಿಡಿ ಬೂತಿನ ಮಾದರಿಯೇ ಇದಕ್ಕೆ ಪ್ರೇರಣೆ. ಪಿಡಿಒಗೆ ಪರವಾನಗಿ, ನೋಂದಣಿ, ಶುಲ್ಕ ಯಾವುದೂ ಬೇಡ. ಇಂಥ ಹಲವು ಅಂಗಡಿಗಳ ಲೆಕ್ಕಪತ್ರ, ದೃಢೀಕರಣ ನೋಡಿಕೊಳ್ಳುವ ಸಂಸ್ಥೆ ಪಬ್ಲಿಕ್ ಡೇಟಾ ಆಫೀಸ್ ಅಗ್ರಿಗೇಟರ್, ಅಂದರೆ ಪಿಡಿಒಎ. ಬಳಕೆದಾರರಿಗೆ ಹತ್ತಿರದ ಹಾಟ್‌ಸ್ಪಾಟ್ ತೋರಿಸುವುದು ಆ್ಯಪ್ ಪೂರೈಕೆದಾರರ ಕೆಲಸ. ಇವೆರಡಕ್ಕೂ ಪರವಾನಗಿ ಬೇಡ, ಆದರೆ ನೋಂದಣಿ ಕಡ್ಡಾಯ. ಇವರೆಲ್ಲರ ವಿವರ ಇರುವ ಕೇಂದ್ರೀಯ ನೋಂದಣಿ ವ್ಯವಸ್ಥೆಯನ್ನು ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ನಿರ್ವಹಿಸುತ್ತದೆ.

ಯೋಜನೆ ಕುಂಟಿದ್ದು ದರದ ವಿಷಯದಲ್ಲಿ. ದೂರಸಂಪರ್ಕ ಕಂಪನಿಗಳು ಸಣ್ಣ ಅಂಗಡಿಗೂ ದುಬಾರಿ ಲೀಸ್ಡ್ ಲೈನ್ (ಮೀಸಲು ಸಂಪರ್ಕ) ತೆಗೆದುಕೊಳ್ಳಿ ಎನ್ನುತ್ತಿದ್ದವು. ಹತ್ತಿಪ್ಪತ್ತು ರೂಪಾಯಿಯ ಪ್ಯಾಕ್ ಮಾರುವವರಿಗೆ ಇದು ಗಿಟ್ಟುವ ಮಾತಲ್ಲ. ಹಾಗಾಗಿ 2025ರ ಜೂನ್‌ನಲ್ಲಿ ಟ್ರಾಯ್ ಮಿತಿ ಹಾಕಿತು: 200 ಎಂಬಿಪಿಎಸ್‌ವರೆಗಿನ ಚಿಲ್ಲರೆ ಫೈಬರ್ ಯೋಜನೆಗಳನ್ನು ಪಿಡಿಒಗಳಿಗೂ ಕೊಡಬೇಕು, ದರ ಸಾಮಾನ್ಯ ಗ್ರಾಹಕರ ದರದ ಎರಡು ಪಟ್ಟು ಮೀರುವಂತಿಲ್ಲ.

ಪಿಎಂ-ವಾಣಿಯಲ್ಲಿ ಇಂಟರ್ನೆಟ್ ಮಾರುವವರು ಅಂಗಡಿಯವರು; ಗ್ರಾಹಕರು ತಮ್ಮಲ್ಲಿ ಉಳಿದ ಮೊಬೈಲ್ ಡೇಟಾವನ್ನು ಪರಸ್ಪರ ಮಾರಿಕೊಳ್ಳುವ ಪದ್ಧತಿ ಬೇರೆಯೇ. ಅದಕ್ಕೆ ಉದಾಹರಣೆ ಚೀನಾ ಮೊಬೈಲ್ ಹಾಂಗ್‌ಕಾಂಗ್ ತೆರೆದ ಡೇಟಾ ವಿನಿಮಯ ವೇದಿಕೆ.