ದೂರದರ್ಶಕದ ಕನ್ನಡಿ

ಮಳೆಗಾಲ ಹಿಂದೆ ಸರಿದು ದೀಪಾವಳಿ ಕಳೆಯಿತೆಂದರೆ ಪುತ್ತೂರು, ಸುಳ್ಯ, ಕಡಬಗಳ ಆಕಾಶ ತಿಳಿಯಾಗತೊಡಗುತ್ತದೆ. ಅಡಿಕೆ ತೋಟದ ಅಂಚಿನ ಮನೆಯಂಗಳದಲ್ಲಿ ನಿಂತವರಿಗೆ ಮರಗಳ ತಲೆಯ ಮೇಲೆ ಕೃತ್ತಿಕೆ, ರೋಹಿಣಿಗಳು ಏರಿ ಬರುವುದು ಕಾಣುತ್ತದೆ. ಸುಳ್ಯದ ಆಕಾಶದಲ್ಲಿ ಈ ನಕ್ಷತ್ರಗಳು ತಮ್ಮ ಅತ್ಯುಚ್ಚ ಸ್ಥಾನವನ್ನು ಮುಟ್ಟುವುದಕ್ಕೆ ಸುಮಾರು 14 ನಿಮಿಷಗಳ ಮೊದಲು ತಮಿಳುನಾಡಿನ ಕಾವಲೂರಿನಲ್ಲಿ ಅದೇ ಸ್ಥಾನವನ್ನು ಮುಟ್ಟಿರುತ್ತವೆ. ಎರಡೂ ಊರುಗಳು ಹೆಚ್ಚು ಕಡಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ ಎರಡಕ್ಕೂ ಕಾಣುವ ಆಕಾಶ ಒಂದೇ. ಆದರೆ ಕಾವಲೂರಿನಲ್ಲಿ ಅದನ್ನು ನೋಡಲು 2.34 ಮೀಟರ್ ವ್ಯಾಸದ ಕನ್ನಡಿಯುಳ್ಳ ದೂರದರ್ಶಕವೊಂದುಂಟು. ಮನುಷ್ಯನ ಕಣ್ಣು ಹಿಡಿಯುವ ಬೆಳಕಿನ ಲಕ್ಷ ಪಾಲಿಗೂ ಮಿಗಿಲಾದ ಬೆಳಕನ್ನು ಅದು ಹಿಡಿಯಬಲ್ಲುದು. ಆ ಕನ್ನಡಿ ರೂಪುಗೊಂಡುದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ಖಭೌತ ಸಂಸ್ಥೆಯ ಕಾರ್ಯಾಗಾರದಲ್ಲಿ.

ಇದರ ಹಿಂದಿನ ಹಂಬಲ ವೈನು ಬಪ್ಪು ಅವರದು. ಹಾರ್ವರ್ಡಿನಲ್ಲಿ ಓದುತ್ತಿದ್ದಾಗಲೇ, 1949ರಲ್ಲಿ, ಹೊಸ ಧೂಮಕೇತುವೊಂದರ ಶೋಧದಲ್ಲಿ ಪಾಲುಗೊಂಡ ಅವರು 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ರಾತ್ರಿಯ ಆಕಾಶಕ್ಕೆ ತಕ್ಕ ತಾಣವನ್ನು ಹುಡುಕಿ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಕೆಲಸಕ್ಕೆ ತೊಡಗಿದ ಮೊದಲ ದೂರದರ್ಶಕದ ಕನ್ನಡಿ 38 ಸೆಂಟಿಮೀಟರಿನದು. ಅದು ಕೊಡೈಕನಾಲಿನಲ್ಲಿ ಸ್ವಂತವಾಗಿ ಮಾಡಿದ್ದು. ಆಮೇಲೆ ಜರ್ಮನಿಯಿಂದ ಒಂದು ಮೀಟರಿನ ದೂರದರ್ಶಕ ಬಂತು. ಅದಕ್ಕಿಂತ ದೊಡ್ಡದನ್ನೂ ಹೊರಗಿನಿಂದಲೇ ತರಿಸಬಹುದಿತ್ತು. ಬಪ್ಪು ಇಲ್ಲಿಯೇ ಮಾಡಿಸಲು ನಿಶ್ಚಯಿಸಿದರು.

ಗಾಜಿನ ಗಟ್ಟಿಯನ್ನು ಮಾತ್ರ ಜರ್ಮನಿಯಿಂದ ತರಿಸಬೇಕಾಯಿತು. ಸಾಮಾನ್ಯ ಗಾಜು ಬಿಸಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. ಹಗಲು ಸರಿಯಿದ್ದ ಆಕಾರ ಇರುಳಿಗೆ ಕೆಡುತ್ತದೆ. ಝೆರೋಡರ್ ಎಂಬ ಈ ಗಾಜಿಗೆ ಆ ದೋಷ ಇಲ್ಲವೆನ್ನುವಷ್ಟು ಕಡಮೆ. ತೂಕ ಮೂರು ಟನ್ನಿಗೂ ಅಧಿಕ.

ಕನ್ನಡಿ ತಿಕ್ಕುವ ವಿದ್ಯೆ ಕೇಳಲು ಸರಳ. ಗಾಜಿಗೂ ಅದನ್ನು ತಿಕ್ಕುವ ಬಿಲ್ಲೆಗೂ ನಡುವೆ ನೀರು ಬೆರೆಸಿದ ಸಾಣೆಯ ಪುಡಿಯನ್ನು ಹಾಕಿ ಉಜ್ಜಬೇಕು. ಮೊದಲು ಒರಟು ಪುಡಿ, ಬಳಿಕ ನಯವಾದದ್ದು, ಆಮೇಲೆ ಇನ್ನೂ ನಯವಾದದ್ದು. ಹಿಂದಿನ ಪುಡಿಯ ಒಂದು ಕಣ ಉಳಿದರೂ ಗೀರು ಬಿದ್ದು ವಾರಗಳ ಕೆಲಸ ಹಾಳು. ಕೊನೆಗೆ ರಾಳದಂಥ ಮೆತ್ತನೆಯ ವಸ್ತುವನ್ನು ಹಚ್ಚಿದ ಬಿಲ್ಲೆಯಿಂದ ಮೆರುಗು ಕೊಡುತ್ತಾರೆ. ಇಷ್ಟೆಲ್ಲ ಮಾಡಿದರೂ ಕಾವಲೂರಿನ ಕನ್ನಡಿಯ ನಡುವಿನ ತಗ್ಗು ನಾಲ್ಕು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಅದು ಪರವಲಯದ ಆಕಾರವನ್ನೇ ತಾಳಬೇಕು; ಎಲ್ಲಿಯೂ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟೂ ತಪ್ಪಬಾರದು. ಅಂಥ ತಪ್ಪು ಬೆರಳಿಗೆ ತಗುಲದು, ಕಣ್ಣಿಗೂ ಬೀಳದು. ಕನ್ನಡಿಯಿಂದ ಮರಳುವ ಬೆಳಕಿಗೆ ಅಲಗೊಂದನ್ನು ಅಡ್ಡ ಹಿಡಿದು, ಮೂಡುವ ನೆರಳನ್ನು ನೋಡಿ ಉಬ್ಬುತಗ್ಗುಗಳನ್ನು ಅರಿಯುವ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಫೂಕೋ ಕಂಡುಹಿಡಿದಿದ್ದನು. ಉಬ್ಬನ್ನು ತಿಕ್ಕಿ ತೆಗೆಯಬಹುದು. ಒಂದೆಡೆ ಹೆಚ್ಚು ತಿಕ್ಕಿದರೆ ಗಾಜನ್ನು ಮತ್ತೆ ತುಂಬಲಾಗದು, ಉಳಿದ ಭಾಗವನ್ನೆಲ್ಲ ಆ ಮಟ್ಟಕ್ಕೆ ಇಳಿಸಬೇಕು. ಆದ್ದರಿಂದ ತಿಕ್ಕುವುದಕ್ಕಿಂತ ನಿಲ್ಲಿಸುವುದನ್ನು ಬಲ್ಲವನೇ ಇಲ್ಲಿ ನಿಪುಣ. ಬೆಂಗಳೂರಿನಲ್ಲಿ ಈ ಕೆಲಸದ ಮುಂದಾಳು ಎ. ಪಿ. ಜಯರಾಜನ್. ಯಂತ್ರ ತಿರುಗುತ್ತಿದ್ದರೂ ಎಲ್ಲಿ, ಎಷ್ಟು ಹೊತ್ತು ತಿಕ್ಕಬೇಕೆಂಬ ತೀರ್ಮಾನ ಮನುಷ್ಯರದಾಗಿತ್ತು.

ಕನ್ನಡಿಯನ್ನು ಹೊರುವ ಭಾರಿ ಚೌಕಟ್ಟು ಮಹಾರಾಷ್ಟ್ರದ ವಾಲ್‌ಚಂದ್‌ನಗರದಲ್ಲಿ ಸಿದ್ಧವಾಯಿತು. ಅಷ್ಟರಲ್ಲಿ, 1982ರ ಆಗಸ್ಟ್ 19ರಂದು, ಬಪ್ಪು ಮ್ಯೂನಿಕ್ಕಿನಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೈದು ವರ್ಷ. ಮುಗಿದ ಕನ್ನಡಿಯಲ್ಲಿ ಒಂದು ನಕ್ಷತ್ರವನ್ನೂ ನೋಡುವ ಭಾಗ್ಯ ಅವರಿಗಿರಲಿಲ್ಲ. ಅವರೊಡನೆ ದುಡಿದವರು ಕೆಲಸವನ್ನು ಕೈಬಿಡಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ದೂರದರ್ಶಕವನ್ನು ಉದ್ಘಾಟಿಸಿ ಅದಕ್ಕೆ ಬಪ್ಪು ಅವರ ಹೆಸರನ್ನಿಟ್ಟರು.

2016ರಲ್ಲಿ ಉತ್ತರಾಖಂಡದ ದೇವಸ್ಥಲದಲ್ಲಿ ಇದಕ್ಕಿಂತ ದೊಡ್ಡದಾದ, 3.6 ಮೀಟರಿನ ದೂರದರ್ಶಕ ಆರಂಭವಾಯಿತು. ಅದರ ಕನ್ನಡಿಗೆ ಮೆರುಗು ಕೊಟ್ಟವರು ರಷ್ಯದವರು. ಗಾತ್ರದಲ್ಲಿ ಹಿಂದೆ ಬಿದ್ದರೂ ಕಾವಲೂರಿನದಕ್ಕೆ ಸಲ್ಲಬೇಕಾದ ಹಿರಿಮೆ ಬೇರೆಯೇ ಇದೆ.

ಕನ್ನಡಿಯ ಮೇಲೆ ಹೊಳೆಯುವುದು ಅಲ್ಯುಮಿನಿಯಮಿನ ಅತಿ ತೆಳುವಾದ ಲೇಪ. ಕಾಲ ಕಳೆದಂತೆ ಅದು ಮಂಕಾಗುತ್ತದೆ. ಆಗ ಕನ್ನಡಿಯನ್ನು ಇಳಿಸಿ, ಹಳೆಯ ಲೇಪವನ್ನು ತೊಳೆದು, ಗಾಳಿಯನ್ನು ಹೊರತೆಗೆದ ದೊಡ್ಡ ತೊಟ್ಟಿಯೊಳಗೆ ಹೊಸದನ್ನು ಕೂರಿಸುತ್ತಾರೆ. ಲೇಪ ಎಷ್ಟು ಸಲ ಬದಲಾದರೂ ಅದರ ಕೆಳಗಿನ ಗಾಜು ಬೆಂಗಳೂರಿನಲ್ಲಿ ತಿಕ್ಕಿದ ಅದೇ ಗಾಜು.