ಎತ್ತು ಕಟ್ಟಿ ಮೈಲಾರಕ್ಕೆ ಹೊರಡುವ ಮುನ್ನ

ಮೈಲಾರದ ಕಾರ್ಣಿಕಕ್ಕೆ ಬಂಡಿ ಕಟ್ಟುವವರು ಭರತ ಹುಣ್ಣಿಮೆಗೆ ಒಂದು ತಿಂಗಳು ಇರುವಾಗಲೇ ಪಶು ಆಸ್ಪತ್ರೆಗೆ ಹೋಗಿ ಬರಬೇಕು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲು ಇವೆಲ್ಲ ಹಿಂದಿನ ದಿನ ಮುಗಿಯುವ ಕೆಲಸ. ಲಸಿಕೆಗೆ ಮಾತ್ರ ಸಮಯ ಬೇಕು. ಚುಚ್ಚಿಸಿದ ಮೇಲೆ ರೋಗ ತಡೆಯುವ ಶಕ್ತಿ ಮೈಯಲ್ಲಿ ಬೆಳೆಯಲು ಎರಡು-ಮೂರು ವಾರ ಹಿಡಿಯುತ್ತದೆ. ಇಟ್ಟಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಸೀಮೆಯವರಿಗೆ ಮೈಲಾರ, ಕೊಟ್ಟೂರು, ಕುರುವತ್ತಿಯ ಜಾತ್ರೆಗಳು ಒಂದರ ಹಿಂದೊಂದು ಬರುತ್ತವೆ. ಎಷ್ಟೋ ಊರಿನ ದನ ಒಂದೇ ಬಯಲಲ್ಲಿ ನಿಲ್ಲುತ್ತವೆ. ರೋಗ ಹಬ್ಬುವುದಕ್ಕೆ ಅಷ್ಟು ಸಾಕು.

ಲಸಿಕೆ, ಓಲೆ

ಕಾಲುಬಾಯಿ ಬೇನೆಯ ಲಸಿಕೆಯನ್ನು ಸರ್ಕಾರವೇ ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮವಿದು. ಕಳೆದ ಸುತ್ತಿನಲ್ಲಿ ನಿಮ್ಮ ಎತ್ತುಗಳಿಗೆ ಹಾಕಿದ್ದಾರೆಯೇ, ಚರ್ಮಗಂಟು ರೋಗದ ಲಸಿಕೆಯೂ ಆಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. 2022ರಲ್ಲಿ ಚರ್ಮಗಂಟು ಹಬ್ಬಿದಾಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆಗಳನ್ನು ನಿಷೇಧಿಸಬೇಕಾಯಿತು. ಅಂಥ ಆದೇಶ ಈ ಸಲ ಇದೆಯೇ ಎಂಬುದನ್ನು ಹೊರಡುವ ಒಂದು ವಾರ ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಕಿವಿಯ ಹಳದಿ ಓಲೆಯಲ್ಲಿರುವ 12 ಅಂಕಿಗಳ ಫೋಟೊ ಮೊಬೈಲಿನಲ್ಲಿರಲಿ. ಜಾತ್ರೆಯ ಗದ್ದಲದಲ್ಲಿ ಎತ್ತು ಕಣ್ಣಿ ಹರಿದುಕೊಂಡು ಹೋದರೆ ಗುರುತು ಹೇಳಲು ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಲಾಳ ಮತ್ತು ಹೆಗಲು

ಹೊಲದ ಮಣ್ಣಿನಲ್ಲಿ ನಡೆದ ಗೊರಸು ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಎತ್ತಿನ ಗೊರಸು ಎರಡು ಹೋಳು, ಹೋಳಿಗೊಂದರಂತೆ ನಾಲ್ಕು ಕಾಲಿಗೆ ಎಂಟು ಲಾಳ. ಇವನ್ನು ಹೊರಡುವ ದಿನ ಕಟ್ಟಿಸುವ ರೂಢಿ ಬಹಳ ಕಡೆ ಇದೆ, ಅದು ತಪ್ಪು. ಮೊಳೆ ಒಂದು ಎಳೆಯಷ್ಟು ಒಳಗೆ ಹೋಗಿ ಜೀವಕ್ಕೆ ತಾಗಿದ್ದರೂ ಕುಂಟು ಕಾಣಿಸುವುದು ಎರಡು-ಮೂರು ದಿನ ಕಳೆದ ಮೇಲೆ. ಅಷ್ಟರಲ್ಲಿ ನೀವು ಅರ್ಧ ದಾರಿಯಲ್ಲಿರುತ್ತೀರಿ. ಕನಿಷ್ಠ ಒಂದು ವಾರ ಮೊದಲೇ ಕಟ್ಟಿಸಿ, ಊರ ಸುತ್ತ ಡಾಂಬರು ರಸ್ತೆಯಲ್ಲಿ ದಿನಾ ಸ್ವಲ್ಪ ನಡೆಸಿ ನೋಡಿ. ಲಾಳಕ್ಕೆಂದು ಕೆಡವುವಾಗ ಮೆತ್ತನೆಯ ಮಣ್ಣಿನ ಜಾಗ ಆರಿಸಿ, ಹೊಟ್ಟೆ ತುಂಬಿದ ಎತ್ತನ್ನು ಕೆಡವಬೇಡಿ.

ಹೆಗಲನ್ನು ಕಣ್ಣಿನಿಂದ ನೋಡಿದರೆ ಸಾಲದು, ಅಂಗೈಯಿಂದ ಒತ್ತಿ ನೋಡಬೇಕು. ಬಿಸಿ ಇದ್ದರೆ, ಒತ್ತಿದಾಗ ಎತ್ತು ಸರಿದರೆ ಅಲ್ಲಿ ಬಾವು ಶುರುವಾಗಿದೆ ಎಂದೇ ಅರ್ಥ. ಅಂಥ ಎತ್ತಿಗೆ ಈ ವರ್ಷ ನೊಗ ಬೇಡ. ದೇವರಿಗೆ ಹರಕೆ ಹೊತ್ತವರು ನಾವು, ಬಾವು ಹೊತ್ತು ನಡೆಯಬೇಕಾದದ್ದು ಅದು ಎಂಬುದನ್ನು ಮರೆಯಬಾರದು. ಸುಗ್ಗಿಯ ಕೆಲಸವಿಲ್ಲದೆ ತಿಂಗಳುಗಟ್ಟಲೆ ಕಟ್ಟಿಹಾಕಿದ್ದ ಎತ್ತುಗಳ ಹೆಗಲ ಚರ್ಮವೂ ಮೆತ್ತಗಾಗಿರುತ್ತದೆ. ಅವುಗಳಿಗೆ ಮೊದಲು ಖಾಲಿ ಬಂಡಿ, ಆಮೇಲೆ ಅರ್ಧ ಹೇರು ಎಂದು ಹತ್ತು-ಹದಿನೈದು ದಿನ ರೂಢಿ ಮಾಡಿಸಿ. ಟ್ರ್ಯಾಕ್ಟರ್ ಬಂದ ಮೇಲೆ ಈ ಅಭ್ಯಾಸದ ಅಗತ್ಯ ಹೆಚ್ಚಾಗಿದೆ.

ಬಂಡಿಯ ವಿಚಾರ

ಅಚ್ಚಿಗೆ ಕೀಲೆಣ್ಣೆ, ಬಿಡಿ ಕೀಲು, ಒಂದು ಜೊತೆ ಹೆಚ್ಚಿನ ಹಗ್ಗ, ಟಯರ್ ಬಂಡಿಯಾದರೆ ಪಂಪು. ಹಿಂಭಾಗಕ್ಕೆ, ನೊಗದ ಎರಡೂ ತುದಿಗೆ ಕೆಂಪು ಪ್ರತಿಫಲನ ಪಟ್ಟಿ ಅಂಟಿಸಲೇಬೇಕು. ಕತ್ತಲಲ್ಲಿ ವೇಗವಾಗಿ ಬರುವ ಲಾರಿಯ ಚಾಲಕನಿಗೆ ಬಂಡಿ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಕತ್ತಲಾದ ಮೇಲೆ ಹೆದ್ದಾರಿಗೆ ಇಳಿಯದಿರುವುದೇ ಒಳ್ಳೆಯದು.

ಎಷ್ಟು ಜನ ಹತ್ತಬಹುದು? ಭಾರ ಎಳೆಯುವ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮದಂತೆ ಓಡಿಸುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕೇ ಜನ. ಮನೆಮಂದಿಯೆಲ್ಲ ಒಂದೇ ಬಂಡಿಗೆ ಹತ್ತುವವರು ಇದನ್ನು ಗಮನಿಸಬೇಕು. ವಯಸ್ಸಾದವರು, ಮಕ್ಕಳು, ಮೇವು ಬಂಡಿಯಲ್ಲಿರಲಿ. ಗಟ್ಟಿಮುಟ್ಟಾದವರು ನಡೆಯಲಿ, ಏರು ಬಂದಲ್ಲಿ ಎಲ್ಲರೂ ಇಳಿಯಲಿ. ಮೊಳೆ ಬಡಿದ ಬಾರುಕೋಲನ್ನೂ ಇದೇ ನಿಯಮ ನಿಷೇಧಿಸುತ್ತದೆ.

ದಾರಿಯಲ್ಲಿ

ಬೆಳಗಿನ ಜಾವ ಬೆಳಕು ಹರಿಯುತ್ತಿದ್ದಂತೆ ಕಟ್ಟಿ, ಬಿಸಿಲೇರುವ ಮೊದಲು ಕೊಳ್ಳು ಬಿಚ್ಚಿ, ಸಂಜೆ ತಂಪಿನಲ್ಲಿ ಮತ್ತೆ ಹೊರಡುವುದು ಹಿರಿಯರ ಪದ್ಧತಿ. ಮೇಲೆ ಹೇಳಿದ ನಿಯಮವೂ ಇದನ್ನೇ ಹೇಳುತ್ತದೆ: ಎಡೆಬಿಡದೆ ಐದು ಗಂಟೆಗಿಂತ ಹೆಚ್ಚು, ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. 37 ಡಿಗ್ರಿ ದಾಟಿದ ದಿನ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟುವಂತಿಲ್ಲ. ಎತ್ತಿನ ಸಹಜ ನಡಿಗೆ ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್. ಅದನ್ನು ಹಿಡಿದು ದಾರಿ ಲೆಕ್ಕ ಹಾಕಿ, ವಸ್ತಿಯ ಊರು ಗೊತ್ತುಮಾಡಿ. ದಾರಿಯಲ್ಲಿ ಬಂಡಿಗಳ ಪೈಪೋಟಿ ಕಟ್ಟುವುದಂತೂ ಬೇಡವೇ ಬೇಡ.

ಬಿಸಿಲಿನ ದಿನಗಳಲ್ಲಿ ಒಂದು ಎತ್ತು 30ರಿಂದ 50 ಲೀಟರ್ ನೀರು ಕುಡಿಯುತ್ತದೆ. ಸ್ವಂತ ಬಕೆಟ್ ಒಯ್ಯಿರಿ. ಎಲ್ಲರ ದನ ಬಾಯಿಟ್ಟ ತೊಟ್ಟಿಯಿಂದಲೂ ಕಾಲುಬಾಯಿ ಬೇನೆ ಹರಡುತ್ತದೆ. ಹೊಳೆಗೆ ಇಳಿಸುವಾಗ ಮೊದಲು ನೀವು ಇಳಿದು ನೋಡಿ, ತುಂಗಭದ್ರೆಯ ದಂಡೆಯಲ್ಲಿ ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ನಾಲಿಗೆ ಹೊರಚಾಚಿ, ಜೊಲ್ಲು ಸುರಿಸುತ್ತ ಏದುಸಿರು ಬಿಟ್ಟರೆ ತಕ್ಷಣ ಬಿಚ್ಚಿ ನೆರಳಿಗೆ ಒಯ್ದು ಮೈಮೇಲೆ ನೀರು ಹುಯ್ಯಬೇಕು.

ಮೇವಿನ ಲೆಕ್ಕ ಎತ್ತೊಂದಕ್ಕೆ ದಿನಕ್ಕೆ ಎಂಟು-ಹತ್ತು ಕಿಲೋ ಕಣಿಕೆ. ಮನೆಯಲ್ಲಿ ತಿನ್ನುತ್ತಿದ್ದುದನ್ನೇ ಒಯ್ಯಿರಿ. ಪಯಣಕ್ಕೆ ಶಕ್ತಿ ಬರಲೆಂದು ಒಮ್ಮೆಲೇ ಹುರುಳಿ, ಹಿಂಡಿ ಹೆಚ್ಚಿಸಿದರೆ ಹೊಟ್ಟೆ ಕೆಡುತ್ತದೆ. ಕೊಯ್ಲಾದ ಜೋಳದ ಹೊಲದಲ್ಲಿ ಕೂಳೆ ಚಿಗುರಿ ಹಸಿರಾಗಿರುತ್ತದೆ, ಬಿಚ್ಚಿದ ಎತ್ತು ಅತ್ತಲೇ ಎಳೆಯುತ್ತದೆ. ಆ ಎಳೆ ಚಿಗುರಿನಲ್ಲಿ ಸೈನೈಡ್ ವಿಷವಿರುತ್ತದೆ, ಕೆಲವೇ ನಿಮಿಷಗಳಲ್ಲಿ ಎತ್ತು ನೆಲಕ್ಕೆ ಬೀಳಬಹುದು. ಕಣ್ಣಿ ಬಿಡಬೇಡಿ.

ಜಾತ್ರೆಯ ಬಯಲಲ್ಲಿ

ಕಾರ್ಣಿಕ ನುಡಿಯುವ ಡೆಂಕನ ಮರಡಿಯಿಂದ ದೂರ, ದಾರಿಗೆ ಅಡ್ಡವಾಗದ ಕಡೆ ಬಂಡಿ ಬಿಡಿ. ಕಾರ್ಣಿಕ ನುಡಿದ ಮರುಕ್ಷಣ ಭಕ್ತರಿಂದ ಏಳುವ ಏಳುಕೋಟಿ ಘೋಷಕ್ಕೆ ಹೊಸ ಎತ್ತು ಬೆದರುತ್ತದೆ, ಆ ಹೊತ್ತಿಗೆ ಅದಕ್ಕೆ ಗೊತ್ತಿರುವವರೊಬ್ಬರು ಪಕ್ಕದಲ್ಲೇ ಇರಬೇಕು.

ಪ್ರೀತಿಯಿಂದ ಮಾಡುವ ಒಂದು ಕೆಲಸ ಎತ್ತಿನ ಜೀವಕ್ಕೇ ಎರವಾಗುತ್ತದೆ. ಉಳಿದ ಅನ್ನ, ಹೋಳಿಗೆ, ಗೋಧಿ ಹುಗ್ಗಿಯನ್ನು ಬುಟ್ಟಿಗಟ್ಟಲೆ ಎತ್ತಿನ ಮುಂದೆ ಸುರಿಯುತ್ತಾರೆ. ಇದು ಹೊಟ್ಟೆಯಲ್ಲಿ ಹುಳಿಯಾಗಿ ಮೆಲುಕು ನಿಲ್ಲುತ್ತದೆ, ಎತ್ತು ಮಲಗಿಬಿಡುತ್ತದೆ. ಪ್ರಸಾದವೆಂದು ಒಂದು ತುತ್ತು ಕೊಡಿ, ಅಷ್ಟೇ. ಮೆಲುಕು ನಿಂತರೆ, ಎಡಗಡೆಯ ಹೊಟ್ಟೆ ಉಬ್ಬಿದರೆ ಮನೆಮದ್ದಿಗೆ ಕಾಯದೆ 1962ಕ್ಕೆ ಕರೆ ಮಾಡಿ. ಅದು ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನದ ಸಂಖ್ಯೆ.

ಬಂಡಿಯ ಹಿಂದೆ ಬರುವ ನಾಯಿ

ಅದನ್ನು ಮನೆಯಲ್ಲೇ ಬಿಡುವುದು ಮೇಲು. ಒಯ್ಯಲೇಬೇಕಿದ್ದರೆ ರೇಬೀಸ್ ಲಸಿಕೆ ಆಗಿರಲಿ, ಕೊರಳಪಟ್ಟಿಗೆ ಫೋನ್ ನಂಬರ್ ಬರೆಯಿರಿ, ಬಂಡಿಯಲ್ಲಿ ಕಟ್ಟಿ. ಬಸ್ಸಿನಲ್ಲಾದರೆ ಕೆಎಸ್‌ಆರ್‌ಟಿಸಿ 2022ರಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ನಾಯಿಗೆ ಅರ್ಧ ಟಿಕೆಟ್ ನಿಗದಿ ಮಾಡಿದೆ. ನಮ್ಮ ಭಾಗದಲ್ಲಿ ಓಡುವುದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸು, ಹೀಗಾಗಿ ಡಿಪೊದಲ್ಲಿ ಕೇಳಿಯೇ ಹೊರಡಿ. ರೈಲಿನಲ್ಲಿ ಸ್ಲೀಪರ್, ತ್ರೀ ಟಿಯರ್ ಬೋಗಿಗೆ ನಾಯಿಯನ್ನು ಬಿಡುವುದಿಲ್ಲ. ಪ್ರಥಮ ದರ್ಜೆಯ ಇಡೀ ಕೋಣೆ ಕಾಯ್ದಿರಿಸಬೇಕು, ಇಲ್ಲವೇ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿನ ಪೆಟ್ಟಿಗೆಯಲ್ಲಿ ಕಳಿಸಬೇಕು.

ಮರಳಿದ ಮೇಲೆ

ಕಾಲುಬಾಯಿ ಬೇನೆ ಸೋಂಕಿದ ಮೇಲೆ ಹೊರಗೆ ಕಾಣಿಸಿಕೊಳ್ಳಲು ಎರಡು ವಾರದವರೆಗೂ ಹಿಡಿಯಬಹುದು. ಆದ್ದರಿಂದ ಜಾತ್ರೆಯಿಂದ ಬಂದ ಎತ್ತುಗಳನ್ನು ಹದಿನೈದು ದಿನ ಹಟ್ಟಿಯ ಉಳಿದ ದನಗಳಿಂದ ದೂರ ಕಟ್ಟಿ, ಬೇರೆ ಬಕೆಟ್ಟಿನಲ್ಲಿ ನೀರು ಕೊಡಿ. ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಹುಣ್ಣು ಕಂಡರೆ ಮುಚ್ಚಿಡದೆ ಅಂದೇ ಪಶುವೈದ್ಯರಿಗೆ ತಿಳಿಸಿ.